ಪಾಲಿಬೆಟ್ಟಕ್ಕೆ ಹೋಗಿ ಬೇಸ್ ಬಾಕ್ಸ್ ಅಳೆದದ್ದು

ಶುಕ್ರವಾರ ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ಶನಿವಾರಸಂತೆಯಿಂದ ಹೊರಟೆ. ಫೆಬ್ರವರಿ ಕೊನೆ, ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಚೀಲದಲ್ಲಿ ಒಂದು ಸೀರೆ, ನಾಲ್ಕು ಅಕ್ಕಿರೊಟ್ಟಿ, ಒಂದು ಸ್ಕ್ರೂಡ್ರೈವರ್, ಸ್ಪೀಕರ್ ಅಳೆಯುವ ಎರಡು ಕಡ್ಡಿಯ ಒಂದು ಮೀಟರ್. ಹೋಗಬೇಕಾದದ್ದು ಪಾಲಿಬೆಟ್ಟಕ್ಕೆ, ಮಗಳ ಮನೆಗೆ. ನೆಂಟಸ್ತನಕ್ಕಲ್ಲ, ಜಗಳಕ್ಕೆ.

ನಮ್ಮದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಮನೆ. ಗಂಡನ ಜೊತೆ ಮೂವತ್ತು ವರ್ಷ ಮಾಡಿದೆ, ಅವರು ಹೋದ ಮೇಲೆ ಆರು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ. ಮಗಳು ಲಲಿತ, ಬಾಡಿಗೆಗೆ ಬರುತ್ತಿದ್ದ ಆರ್ಕೆಸ್ಟ್ರಾದವರನ್ನು ಕಾಡಿ ಕಾಡಿ ಬೇಸ್ ಗಿಟಾರ್ ಕಲಿತಳು. ನಾಲ್ಕು ದಪ್ಪ ತಂತಿಯ ಗಿಟಾರ್ ಅದು. ಹಾಡುವವರ ದನಿಯ ಅಡಿಯಲ್ಲಿ ಗುಂಯ್ ಎಂದು ಓಡುತ್ತಿರುತ್ತದೆ, ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ನಿಂತಾಗ ಹಾಡು ಬೋಳಾಗುತ್ತದೆ. ಈಗ ಅವಳಿಗೆ ಮೂವತ್ತೆಂಟು. ಗಂಡ ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅಲ್ಲಿನ ಒಂದು ಆರ್ಕೆಸ್ಟ್ರಾದಲ್ಲಿ ಒಂಬತ್ತು ವರ್ಷದಿಂದ ಬೇಸ್ ನುಡಿಸುತ್ತಾಳೆ.

ಮೊದಲು ಅವರ ಹತ್ತಿರ ಬೇಸಿಗೆ ಒಂದೇ ಸ್ಪೀಕರ್ ಬಾಕ್ಸ್ ಇತ್ತು. ಎರಡು ತಿಂಗಳ ಹಿಂದೆ, ಸೌಂಡು ಸಾಲದು ಎಂದಾಗ ನಮ್ಮ ಅಂಗಡಿಯ ಒಂದು ಬಾಕ್ಸನ್ನು ನಾನೇ ಕಳಿಸಿಕೊಟ್ಟೆ. ಅದಾದ ಮೇಲೆ ಎರಡು ಮದುವೆಯಲ್ಲಿ, ಶುರುವಾಗಿ ಅರ್ಧ ಗಂಟೆಗೆ ಆಂಪ್ಲಿಫೈಯರ್ ಕಾದು ತಾನಾಗಿ ನಿಂತುಹೋಯಿತು. ಆರ್ಕೆಸ್ಟ್ರಾದ ಲೀಡರ್ ಡೆನ್ನಿ ಎಂಬವನು ಎಲ್ಲರ ಎದುರು ಹೇಳಿದನಂತೆ, "ಅಕ್ಕನ ಕೈ ಸರಿ ಇಲ್ಲ, ಒರಟು ಕೈ, ಅದಕ್ಕೇ ಆಂಪು ತಡ್ಕೊಳ್ಳಲ್ಲ." ಶನಿವಾರದ ಮದುವೆಯಲ್ಲೂ ನಿಂತರೆ ಇನ್ನು ಮುಂದೆ ಕೀಬೋರ್ಡಿನಲ್ಲೇ ಬೇಸ್ ಹಾಕಿಕೊಳ್ಳುತ್ತೇನೆ, ಅವಳು ಬರುವುದು ಬೇಡ ಎಂದನಂತೆ. ಫೋನಿನಲ್ಲಿ ಇದನ್ನು ಕೇಳಿ ನನ್ನ ಮೈ ಉರಿದುಹೋಯಿತು. ಕೈ ಒರಟಾದರೆ ತಂತಿ ಕಡಿಯಬೇಕು, ಆಂಪ್ ಯಾಕೆ ನಿಲ್ಲುತ್ತದೆ? ಒಂಬತ್ತು ವರ್ಷ ಸರಿಯಿದ್ದ ಕೈ ಎರಡು ತಿಂಗಳಲ್ಲಿ ಕೆಡುತ್ತದೆಯೇ?

ಸೋಮವಾರಪೇಟೆಗೆ ಇಪ್ಪತ್ತು ಕಿಲೋಮೀಟರು, ಅಲ್ಲಿಂದ ಮಡಿಕೇರಿಗೆ ನಲವತ್ತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿದರಾಯಿತು. ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿದೆ. ಕಾಫಿ ಬೆಳೆಯುವ ಊರಿನಲ್ಲಿ ಅಂಥ ನೀರು ಕಾಫಿ ಕೊಡುವವರಿಗೆ ನಾಚಿಕೆಯಿಲ್ಲ. ರೊಟ್ಟಿ ಅಲ್ಲೇ ನಿಂತು ತಿಂದು ವಿರಾಜಪೇಟೆ ಬಸ್ಸು ಹತ್ತಿದೆ. ಮೂವತ್ತು ಕಿಲೋಮೀಟರಿನ ತಿರುವುಗಳಲ್ಲಿ ಹಿಂದಿನ ಸೀಟಿನವಳು ಎರಡು ಸಲ ವಾಂತಿ ಮಾಡಿದಳು. ಇಳಿದಾಗ ಹನ್ನೊಂದೂವರೆ, ಬಿಸಿಲು ನೆತ್ತಿ ಸುಡುತ್ತಿತ್ತು.

ಆಂಪ್ ವಿರಾಜಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿತ್ತು. ಅದನ್ನು ಬಿಡಿಸಿಕೊಂಡು ಹೋಗಬೇಕಿತ್ತು. ಅಂಗಡಿಯವನು ನನ್ನನ್ನು ನೋಡಿ ಸ್ಟೂಲ್ ಎಳೆದು ಕೊಟ್ಟ.

"ಕೂತ್ಕೊಳ್ಳಿ ಅಜ್ಜಿ. ಜೊತೆಗೆ ಗಂಡಸರು ಯಾರೂ ಬಂದಿಲ್ವಾ?"

"ಇದ್ದ ಒಬ್ಬ. ಸತ್ತು ಆರು ವರ್ಷ ಆಯ್ತು. ಕರ್ಕೊಂಡು ಬರ್ಲಾ?"

ಅವನು ಒಳಗೆ ಹೋಗಿ ಆಂಪ್ ತಂದಿಟ್ಟ. ಎರಡು ಗಂಟೆ ಹಾಕಿ ನೋಡಿದ್ದೇನೆ, ಒಂದು ಸಲವೂ ನಿಂತಿಲ್ಲ, ಒಳಗೆ ಏನೂ ಕೆಟ್ಟಿಲ್ಲ ಎಂದ.

"ನುಡಿಸೋರದ್ದೇ ತಪ್ಪು ಅಜ್ಜಿ. ಹೆಂಗಸರಿಗೆ ಬೇಸ್ ಎಲ್ಲ ಎಂತಕ್ಕೆ?"

"ನೀನು ಹಾಕಿ ನೋಡಿದ್ದು ಎಷ್ಟು ಬಾಕ್ಸಿಗೆ?"

"ಒಂದಕ್ಕೆ."

"ಅಲ್ಲಿ ಎರಡು ಬಾಕ್ಸ್ ಇದೆ ಕಣಯ್ಯಾ."

ಅವನು ಫೋನಿನಲ್ಲಿ ಡೆನ್ನಿ ಕಳಿಸಿದ್ದ ಫೋಟೋ ತೆಗೆದ. ಎರಡು ಬಾಕ್ಸಿನ ಹಿಂದಿನ ಫಲಕದಲ್ಲೂ ಎಂಟು ಎಂದಿತ್ತು, ಪಕ್ಕದಲ್ಲಿ ಕುದುರೆ ಲಾಳದಂಥ ಗುರುತು. ಅದನ್ನು ಓಮ್ ಎನ್ನುತ್ತಾರೆ. ಆಂಪಿನ ಹಿಂದೆ ನಾಲ್ಕು ಎಂದಿತ್ತು. ಅದಕ್ಕಿಂತ ಕೆಳಗೆ ಇಳಿಸಬಾರದು ಎಂದು ಅದರರ್ಥ.

"ನೋಡಿ, ಎಂಟೂ ಎಂಟೂ ಹದಿನಾರು. ನಾಲ್ಕಕ್ಕಿಂತ ಎಷ್ಟೋ ಮೇಲೆ ಇದೆ. ಬಾಕ್ಸ್ ವಿಷಯ ಬಿಡಿ."

ನನಗೆ ತಡೆಯಲಾಗಲಿಲ್ಲ. ಬೋರ್ಡಿನಲ್ಲಿ ಸೌಂಡ್ ಇಂಜಿನಿಯರ್ ಎಂದು ಬರೆಸಿಕೊಂಡವನಿಗೆ ಇಷ್ಟು ಗೊತ್ತಿಲ್ಲವೇ? "ತೋಟಕ್ಕೆ ಸ್ಪ್ರಿಂಕ್ಲರ್ ಹಾಕೋದು ನೋಡಿದ್ದೀಯಾ? ಒಂದು ಪಂಪಿಗೆ ಒಂದು ಜೆಟ್ ಬದ್ಲು ಎರಡು ಜೆಟ್ ಹಾಕಿದ್ರೆ ನೀರು ಹೋಗೋ ದಾರಿ ಜಾಸ್ತಿ ಆಗುತ್ತಾ ಕಮ್ಮಿ ಆಗುತ್ತಾ? ಓಮ್ ಅಂದ್ರೆ ಬಿಗಿ. ಎರಡು ಬಾಕ್ಸ್ ಪಕ್ಕಪಕ್ಕ ಹಾಕಿದ್ರೆ ಬಿಗಿ ಅರ್ಧಕ್ಕಿಳೀತದೆ. ಎಂಟೂ ಎಂಟೂ ಸೇರಿದ್ರೆ ನಾಲ್ಕು. ಹದಿನಾರು ಅಂತೆ ಹದಿನಾರು!"

"ನಾಲ್ಕೇ ಆದ್ರೂ ಸರಿಯೇ ಅಲ್ವಾ? ಆಂಪಿಗೆ ನಾಲ್ಕು ಆಗ್ತದೆ."

ಅದು ನಿಜ. ಅದಕ್ಕೇ ಇನ್ನೂ ಸಿಟ್ಟು ಬಂತು. ಬಾಕ್ಸ್ ಸರಿ, ಮಗಳ ಕೈ ಸರಿ, ಹಾಗಾದರೆ ಇವನೇ ಆಂಪಿನೊಳಗೆ ಏನೋ ಮುಚ್ಚಿಡುತ್ತಿದ್ದಾನೆ ಎಂದು ತೀರ್ಮಾನಿಸಿದೆ. ಅವನು ಶೆಲ್ಫಿನ ಮೇಲಿದ್ದ ದೊಡ್ಡ ಆಂಪ್ ತೋರಿಸಿ, ಇದನ್ನು ತೆಗೆದುಕೊಳ್ಳಿ, ತೊಂದರೆಯೇ ಇಲ್ಲ ಎಂದ. "ಸೊಂಟ ನೋವು ಅಂತ ಬಂದೋರಿಗೆ ಹೊಸ ಸೊಂಟ ಮಾರ್ತೀಯಾ?" ಎಂದು ಕೇಳಿ, ಇನ್ನೂ ಬರೆಯಲಾಗದ ನಾಲ್ಕು ಮಾತಾಡಿ ನಮ್ಮ ಆಂಪ್ ಎತ್ತಿಕೊಂಡು ಹೊರಟೆ. ಬೀದಿಯಲ್ಲಿ ಜನ ನಿಂತು ನೋಡಿದರು. ನೋಡಲಿ.

ಪಾಲಿಬೆಟ್ಟಕ್ಕೆ ಅಮ್ಮತ್ತಿ ಮೇಲೆ ಖಾಸಗಿ ಬಸ್ಸು. ಇಲ್ಲಿ ಹೆಂಗಸರಿಗೆ ಪುಕ್ಕಟೆ ಇಲ್ಲ. ನನಗೆ ಇಪ್ಪತ್ತೈದು ರೂಪಾಯಿ, ಆಂಪಿಗೂ ಇಪ್ಪತ್ತೈದು.

"ಅದಕ್ಕೂ ನನ್ನಷ್ಟೇನಾ?"

"ನಿಮಗಿಂತ ಭಾರ ಉಂಟಲ್ಲ ಅಮ್ಮ," ಎಂದ ಕಂಡಕ್ಟರು.

ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ. ರಸ್ತೆಯ ಎರಡೂ ಕಡೆ, ಕಾಫಿ ಹೂ ಬಿಡಲಿ ಎಂದು ತೋಟಕ್ಕೆ ನೀರು ಹೊಡೆಯುತ್ತಿದ್ದರು. ಜೆಟ್ಟಿನ ನೀರು ಕಿಟಕಿಯಿಂದ ಒಳಗೆ ಬಂದು ಮುಖಕ್ಕೆ ಹೊಡೆಯಿತು. ಸೆರಗು ಬಿಚ್ಚಿ ಆಂಪಿಗೆ ಹೊದಿಸಿದೆ.

ಲಲಿತಳ ಕ್ವಾರ್ಟರ್ಸ್ ತಲುಪಿದಾಗ ಮೂರು ಗಂಟೆ. ಅನ್ನ, ಹುಳಿ, ಎಳೆ ಬಿದಿರಿನ ಕಣಿಲೆ ಉಪ್ಪಿನಕಾಯಿ. ಉಂಡ ಮೇಲೆ, ಸ್ವಲ್ಪ ನುಡಿಸು ನೋಡುವ ಎಂದೆ. ಮನೆಯಲ್ಲಿದ್ದ ಒಂದು ಚಿಕ್ಕ ಪ್ರಾಕ್ಟೀಸ್ ಬಾಕ್ಸಿಗೆ ಸಿಕ್ಕಿಸಿ ನುಡಿಸಿದಳು. ಕೇಳಿ ನನಗೆ ಗಾಬರಿಯಾಯಿತು. ಬೆಕ್ಕನ್ನು ಸವರಿದ ಹಾಗೆ ತಂತಿಯನ್ನು ಸವರುತ್ತಿದ್ದಳು.

"ಇದೆಂತದೇ ಇದು? ನೀನು ಹಿಂಗೆ ನುಡಿಸ್ತಿದ್ದೋಳಾ?"

"ಮೆತ್ತಗೆ ನುಡಿಸಿ ಅಭ್ಯಾಸ ಮಾಡ್ಕೊಂಡೆ ಅವ್ವ. ತಂತಿ ಬದಲಿಸಿ ನೋಡ್ದೆ. ಉಗುರು ಕತ್ತರಿಸಿ ನೋಡ್ದೆ. ಎಲ್ರೂ ಕೈ ಕೈ ಅಂದ್ರೆ ನಂಗೂ ಹಂಗೇ ಅನ್ಸಕ್ ಶುರುವಾಯ್ತು."

ಡೆನ್ನಿ ಹಾಗೆ ಹೇಳಿದ್ದಕ್ಕಿಂತ ಇವಳು ನಂಬಿದ್ದಕ್ಕೆ ನನಗೆ ಹೆಚ್ಚು ಸಿಟ್ಟು ಬಂತು. ಬೈದೆ. ಅವಳು ಗಿಟಾರ್ ಗೋಡೆಗೆ ಒರಗಿಸಿ ಪಾತ್ರೆ ತೊಳೆಯಲು ಹೋದಳು.

ಮರುದಿನ ಒಂಬತ್ತು ಗಂಟೆಗೆ ಮದುವೆ ಹಾಲಿಗೆ ಹೋದೆವು. ಮದುವೆಯವರು ಚರ್ಚಿನಲ್ಲಿದ್ದರು, ಹನ್ನೊಂದಕ್ಕೆ ಇಲ್ಲಿಗೆ ಬರುವವರು. ಹಾಲಿನ ಹಿಂದೆ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಡೆನ್ನಿ ಸ್ಟೇಜಿನ ಮೇಲೆ ವಯರು ಎಳೆಯುತ್ತಿದ್ದ. ನಲವತ್ತೈದು ದಾಟಿದವನು, ಕೂದಲಿಗೆ ಬಣ್ಣ, ಮಾತಿನಲ್ಲಿ ಸಕ್ಕರೆ.

"ಅಮ್ಮ ಅಷ್ಟು ದೂರದಿಂದ ಬಂದ್ರಾ! ಎಂತಕ್ಕೆ ಕಷ್ಟ? ಇವತ್ತು ಬೇಸ್ ನಾನೇ ಕೀಬೋರ್ಡಲ್ಲಿ ಹಾಕ್ತೇನೆ. ಅಕ್ಕ ಆರಾಮಾಗಿ ಊಟ ಮಾಡ್ಲಿ."

"ಊಟಕ್ಕೆ ಬಂದಿಲ್ಲ. ಮೊದ್ಲು ನಿನ್ನ ಬಾಕ್ಸ್ ಅಳೀತೀನಿ. ತಪ್ಪು ಯಾರದ್ದು ಅಂತ ಆಮೇಲೆ ಹೇಳು."

ವಯರು ಕಳಚಿ, ಮೀಟರಿನ ಕಡ್ಡಿ ಇಟ್ಟು ಮೊದಲು ಆರ್ಕೆಸ್ಟ್ರಾದ ಬಾಕ್ಸ್ ಅಳೆದೆ. ಆರೂವರೆ ತೋರಿಸಿತು. ಎಂಟು ಓಮಿನ ಸ್ಪೀಕರು ಮೀಟರಿನಲ್ಲಿ ಯಾವಾಗಲೂ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಆರೂವರೆ ಎಂದರೆ ಸರಿ. ಆಮೇಲೆ ನಮ್ಮ ಬಾಕ್ಸಿಗೆ ಇಟ್ಟೆ. ಮೂರೂಕಾಲು.

ಕಡ್ಡಿ ಒರೆಸಿ ಮತ್ತೆ ಇಟ್ಟೆ. ಮೂರೂಕಾಲು. ಮೂರನೆಯ ಸಲವೂ ಅಷ್ಟೇ.

ಸ್ಕ್ರೂ ಬಿಚ್ಚಿ ಸ್ಪೀಕರನ್ನು ಹೊರಗೆ ಎಳೆದೆ. ಹಿಂದಿನ ಅಯಸ್ಕಾಂತದ ಮೇಲೆ ಅಚ್ಚೊತ್ತಿತ್ತು: ನಾಲ್ಕು ಓಮ್, ನಾನೂರು ವಾಟ್. ನೋಡಿದ ಕೂಡಲೇ ಎಲ್ಲ ನೆನಪಾಯಿತು. ಹಳೆಯ ಸ್ಪೀಕರ್ ಸುಟ್ಟಾಗ ನನ್ನ ಗಂಡ ಹಾಸನದಿಂದ ಇದನ್ನು ತಂದು ಹಾಕಿದ್ದರು, ಟಾರ್ಚ್ ಹಿಡಿದವಳು ನಾನು. ನಮ್ಮ ಮೈಕ್‌ಸೆಟ್ ಮನೆಗಳಲ್ಲಿ ಒಂದು ರೂಢಿ ಇದೆ. ಒಳಗಿನ ಸ್ಪೀಕರ್ ಯಾವುದನ್ನೇ ಹಾಕಲಿ, ಹಿಂದಿನ ಫಲಕ ಮುಟ್ಟುವುದಿಲ್ಲ. ಫಲಕ ಹಳೆಯದಿದ್ದರೆ ಕಂಪನಿಯ ಮಾಲು ಎಂದು ಬಾಡಿಗೆಯವರು ನಂಬುತ್ತಾರೆ. ನಾವು ಯಾವಾಗಲೂ ಒಂದು ಆಂಪಿಗೆ ಒಂದೇ ಬಾಕ್ಸ್ ಹಾಕುತ್ತಿದ್ದವರು, ನಾಲ್ಕಾದರೂ ಎಂಟಾದರೂ ಸೌಂಡ್ ಬರುತ್ತಿತ್ತು. ಇನ್ನೊಬ್ಬರ ಬಾಕ್ಸಿನ ಪಕ್ಕ ಇದನ್ನು ಸಿಕ್ಕಿಸುತ್ತಾರೆ ಎಂಬುದು ತಲೆಗೆ ಬಂದಿರಲಿಲ್ಲ. ಎಂಟು ಮತ್ತು ನಾಲ್ಕು ಸೇರಿದರೆ ಮೂರಕ್ಕಿಂತ ಕೆಳಗೆ ಇಳಿಯುತ್ತದೆ. ಆಂಪ್ ನಾಲ್ಕಕ್ಕಿಂತ ಕೆಳಗೆ ಬೇಡ ಎಂದು ಬರೆದುಕೊಂಡೇ ಕೂತಿದೆ. ಕಾದು ನಿಲ್ಲದೆ ಇನ್ನೇನು ಮಾಡುತ್ತದೆ?

ಆ ಹಾಲಿನಲ್ಲಿ ಮೀಟರ್ ಓದಲು ಬರುವವಳು ನಾನೊಬ್ಬಳೇ. ಮುಚ್ಚಿ ಸ್ಕ್ರೂ ಹಾಕಿ ಏನಾದರೂ ಹೇಳಬಹುದಿತ್ತು. ಲಲಿತ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಸತ್ತ ಗಂಡನ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ಇದನ್ನು ಕಳಿಸುವ ಮೊದಲು ಒಂದು ಸಲ ಅಳೆಯದ ಸೋಮಾರಿತನದ ಮೇಲೆ ಸಿಟ್ಟು.

"ತಪ್ಪು ನಮ್ಮದು," ಎಂದೆ, ಈರುಳ್ಳಿ ಹೆಚ್ಚುವವರಿಗೂ ಕೇಳುವ ಹಾಗೆ. "ಫಲಕದಲ್ಲಿ ಎಂಟು, ಒಳಗೆ ನಾಲ್ಕು. ಸುಳ್ಳು ಫಲಕ ಬಿಟ್ಟೋರು ನಾವೇ."

ಡೆನ್ನಿ ನಕ್ಕ. "ಅಯ್ಯೋ ಅಮ್ಮ! ಕಳ್ಳ ನಿಮ್ಮ ಬಾಕ್ಸೇ ಅಲ್ವಾ!"

"ಹೌದು. ಕಳ್ಳ ಬಾಕ್ಸು. ಮಗಳ ಕೈ ಅಲ್ಲ. ಅದನ್ನೂ ನಗ್ತಾನೇ ಹೇಳು ನೋಡೋಣ."

ಅವನು ಬಗ್ಗಿ ವಯರು ಸುತ್ತತೊಡಗಿದ. ನಮ್ಮ ಬಾಕ್ಸನ್ನು ಬದಿಗಿಟ್ಟು ಅವರದ್ದೊಂದೇ ಹಾಕುವ ಎಂದ. ಅದು ಬೇಡ ಎಂದೆ. ಆ ಆಂಪ್ ಮುನ್ನೂರು ವಾಟ್ ಕೊಡುವುದು ನಾಲ್ಕು ಓಮಿಗೆ. ಎಂಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಅರ್ಧ ಅಷ್ಟೇ. ನಮ್ಮದೊಂದನ್ನೇ ಹಾಕಿದರೆ ಪೂರ್ತಿ ಬರುತ್ತದೆ, ಸ್ಪೀಕರ್ ನಾನೂರು ತಡೆಯುತ್ತದೆ.

"ಎರಡು ಬಾಕ್ಸಿಗೇ ಸಾಲದ ಹಾಲಿಗೆ ಒಂದು ಬಾಕ್ಸಾ? ಅದೂ ಸುಳ್ಳು ಹೇಳೋ ಬಾಕ್ಸು? ಬೇಡ ಬೇಡ. ಕೀಬೋರ್ಡೇ ಸಾಕು."

ಆಗ ಲಲಿತ ಬಾಯಿ ಬಿಟ್ಟಳು. "ಅವ್ವನ ಬಾಕ್ಸೇ ಇರ್ಲಿ ಡೆನ್ನಿ. ಆಂಪು ನಿಂತ್ರೆ ನಾನೇ ಕೆಳಗಿಳೀತೀನಿ, ನೀನು ಹೇಳೋದು ಬೇಡ."

ನಾನು ಸ್ಪೀಕರನ್ನು ಮತ್ತೆ ಕೂರಿಸಿ ಸ್ಕ್ರೂ ಬಿಗಿದ ಮೇಲೆ, ಬಾಕ್ಸನ್ನು ಸ್ಟೂಲಿನಿಂದ ಇಳಿಸಿ ಸ್ಟೇಜಿನ ಹಲಗೆಯ ಮೇಲೆ, ಗೋಡೆಯ ಮೂಲೆಗೆ ಇಡಿಸಿದಳು. ನೆಲಕ್ಕೂ ಗೋಡೆಗೂ ತಾಗಿದರೆ ಬೇಸ್ ತುಂಬಿಕೊಳ್ಳುತ್ತದೆ, ಅದನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ಹನ್ನೊಂದೂಕಾಲಿಗೆ ಮದುಮಕ್ಕಳು ಬಂದರು. ಮೊದಲ ಎರಡು ಹಾಡಿನಲ್ಲಿ ಲಲಿತ ಹಿಂದಿನ ದಿನದ ಹಾಗೆಯೇ ಸವರಿದಳು. ಡೆನ್ನಿಯ ಎಡಗೈ ಆಗಲೇ ಕೀಬೋರ್ಡಿನ ಕೆಳಸ್ವರದ ಮನೆಗಳ ಕಡೆಗೆ ಸರಿಯುತ್ತಿತ್ತು. ನಾನು ಮೊದಲ ಸಾಲಿನ ಕುರ್ಚಿಯಿಂದ ಎದ್ದು ಸ್ಟೇಜಿನ ಹತ್ತಿರ ಹೋದೆ.

"ಹೊಡಿಯೇ! ಯಾರಪ್ಪಂದು ಹೋಗ್ತದೆ? ಹೊಡಿ!"

ಮದುಮಗಳ ಕಡೆಯವರು ಯಾವ ಹುಚ್ಚಿ ಇವಳು ಎಂದು ನೋಡಿದರು. ಲಲಿತ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಹೊಡೆದಳು. ನೆಲದಿಂದ ನನ್ನ ಹಿಮ್ಮಡಿಗೆ ಬಂತು ಆ ಸದ್ದು. ಐದನೇ ಹಾಡಿಗೆ ಮುದುಕರೂ ಎದ್ದು ಕುಣಿದರು. ಅರ್ಧ ಗಂಟೆಗೊಮ್ಮೆ ಹೋಗಿ ಆಂಪಿನ ಮೇಲೆ ಅಂಗೈ ಇಟ್ಟು ನೋಡಿದೆ. ಕರುವಿನ ಮೈಯಷ್ಟು ಬೆಚ್ಚಗಿತ್ತು, ಅಷ್ಟೇ. ಎರಡೂವರೆಯವರೆಗೆ ಒಂದು ಸಲವೂ ನಿಲ್ಲಲಿಲ್ಲ.

ಬಿರಿಯಾನಿ ಚೆನ್ನಾಗಿತ್ತು, ಉಪ್ಪು ಮುಂದು. ಕೈ ತೊಳೆಯುವಾಗ ಡೆನ್ನಿ ಬಂದ. "ಅಮ್ಮ, ನೀವು ಬಂದದ್ದು ಒಳ್ಳೇದಾಯ್ತು. ಅಕ್ಕ ಈಗ ಸರಿಯಾಗಿ ನುಡಿಸ್ತಾರೆ."

"ಈಗ? ಹಿಂದೆಯೂ ಸರಿಯಾಗೇ ನುಡಿಸ್ತಿದ್ಲು. ಕೈ ಅಂತ ಎಲ್ರ ಎದುರು ಹೇಳ್ದೋನು ನೀನು, ಅಲ್ಲ ಅಂತ್ಲೂ ಎಲ್ರ ಎದುರೇ ಹೇಳ್ಬೇಕು. ನಾನು ಹೇಳ್ಲಿಲ್ವಾ ನಂದು ತಪ್ಪು ಅಂತ? ನನ್ನ ನಾಲಿಗೆ ಏನು ಬಿದ್ದು ಹೋಯ್ತಾ?"

"ಸಾರಿ ಹೇಳುವ ಅಮ್ಮ, ಹೇಳುವ," ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಸಾರಿ ನಂಗೆ ಬೇಡ ಡೆನ್ನಿ," ಎಂದಳು ಲಲಿತ. "ಇನ್ಮೇಲೆ ಆಂಪಿಗೆ ಯಾವ ಬಾಕ್ಸು, ಎಲ್ಲಿ ಇಡೋದು ಅಂತ ಹೇಳೋಳು ನಾನು. ಅಷ್ಟು ಸಾಕು."

ವಿರಾಜಪೇಟೆಯ ರಿಪೇರಿಯವನಿಗೆ ಬೈದದ್ದರಲ್ಲಿ ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ. ಆಂಪ್ ಕೆಟ್ಟಿರಲಿಲ್ಲ. ಎಂಟೂ ಎಂಟೂ ಹದಿನಾರು ಎಂದದ್ದಕ್ಕೆ ಮತ್ತು ಹೆಂಗಸರಿಗೆ ಎಂತಕ್ಕೆ ಎಂದದ್ದಕ್ಕೆ ಬೈದದ್ದು ಹಾಗೇ ಇರಲಿ.

ಹಿಂದಿರುಗಿದ್ದು ಸಿದ್ದಾಪುರ, ಕುಶಾಲನಗರದ ಮೇಲೆ. ಮೂರೂವರೆಯ ಬಸ್ಸು ಹಾಲಿನ ಮುಂದೆಯೇ ನಿಂತಿತು. ಹತ್ತಿ ಕಿಟಕಿಯಿಂದ ನೋಡಿದೆ. ಆರ್ಕೆಸ್ಟ್ರಾದ ಜೀಪು ಬಾಗಿಲಿಗೆ ಬಂದಿತ್ತು, ಡೆನ್ನಿ ನಮ್ಮ ಬಾಕ್ಸನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಾ ನಿಂತಿದ್ದ. ಲಲಿತ ನನ್ನ ಕಡೆ ಕೈ ಬೀಸಲಿಲ್ಲ. "ಅಲ್ಲಲ್ಲ, ಮಲಗಿಸ್ಬೇಡ, ನಿಲ್ಸು. ಇನ್ನೂ ಒಳಗೆ," ಎನ್ನುತ್ತಿದ್ದಳು. ಅವನು ಇನ್ನೂ ಒಳಗೆ ಸರಿಸಿದ.