ಗಾಜಿನ ಮೇಲಿನ ಎಂಜಲು

ಕೊಟ್ಟೂರಿನ ಆ ಖಾಸಗಿ ಪಿಯು ಕಾಲೇಜಿನಲ್ಲಿ ಸರಿಯಾಗಿ ಕಾಣುವ ಮೈಕ್ರೋಸ್ಕೋಪ್ ಇದ್ದದ್ದು ಒಂದೇ. ನಾನು ಅಲ್ಲಿ ಜೀವಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನುಷ್ಯರ ಜೀವಕೋಶ ತೋರಿಸುವ ದಿನ ಕಡ್ಡಿಯಿಂದ ನನ್ನ ಕೆನ್ನೆಯ ಒಳಭಾಗವನ್ನೇ ಕೆರೆದು, ಗಾಜಿನ ಸ್ಲೈಡಿಗೆ ಸವರಿ, ಮೆಥಿಲೀನ್ ಬ್ಲೂ ಹನಿಸಿದೆ. ಚಪ್ಪಟೆ ಕೋಶಗಳು, ಒಳಗೆ ಕಡುನೀಲಿ ಕೇಂದ್ರ. ಮಕ್ಕಳು ಸಾಲಾಗಿ ಬಂದು, ಸ್ಲೈಡ್ ಸರಿಸಿ, ತಮಗೆ ಬೇಕಾದ ಕೋಶ ಹುಡುಕಿಕೊಂಡು ಚಿತ್ರ ಬರೆದರು.

ಕಾನಹೊಸಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿಯ ಬೆರಳಿಗೆ ಬಣ್ಣ ಹತ್ತಿತು. ಸಂಜೆ ಅವಳು ರೊಟ್ಟಿಗೆ ಹಿಟ್ಟು ನಾದುವಾಗ ಅಜ್ಜಿ ಅದೇನೆಂದು ಕೇಳಿದ್ದಳಂತೆ. ಮರುದಿನ ಅಪ್ಪ ಮಗಳ ಜೊತೆಗೇ ಬಂದು ಪ್ರಿನ್ಸಿಪಾಲರ ಎದುರು ಕೂತಿದ್ದ. ನನಗೆ ಯಾರೂ ಕುರ್ಚಿ ತೋರಿಸಲಿಲ್ಲ. ಅಥವಾ ಕುರ್ಚಿ ಖಾಲಿಯಿದ್ದೂ ನಾನೇ ಕೂರಲಿಲ್ಲವೋ, ಈಗ ಖಚಿತವಿಲ್ಲ.

"ಏನ್ರಿ ಮೇಡಂ, ಹುಡುಗೀನ ಓದಾಕ ಕಳಿಸೀವಿ. ಮಂದಿ ಎಂಜಲ ಮುಟ್ಟಾಕ ಅಲ್ಲ" ಎಂದ.

"ಅದು ಎಂಜಲಲ್ರಿ. ಕೆನ್ನಿ ಒಳಗಿನ ಪದರ."

"ಬಾಯಾಗಿಂದ ಬಂದದ್ದಕ್ಕ ನಮ್ಮ ಕಡಿ ಎಂಜಲ ಅಂತಾರ. ನಿಮ್ಮ ಕಡಿ ಏನಂತಾರೋ."

"ನಮ್ಮದೂ ಕೂಡ್ಲಿಗಿ ತಾಲೂಕ್ರಿ."

"ಊರು ಕೇಳಿಲ್ಲ ನಾನು."

ನಮ್ಮ ಮನೆ ಊರ ಹೊರಗಿನ ಯಾವ ಕೇರಿಯಲ್ಲಿದೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಆತ ಕೇಳಿದ: "ಯಾರದದು ಎಂಜಲ?"

"ನಂದು" ಎಂದೆ. ಈ ಉತ್ತರವನ್ನು ಆಮೇಲೆ ಒಬ್ಬಳೇ ಇರುವಾಗ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಪ್ರತಿ ಸಲವೂ ದನಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಂದು ಅದು ಕೇಳಿಸುವಷ್ಟಾದರೂ ಇತ್ತೇ? ಇದ್ದಿರಬೇಕು. ಏಕೆಂದರೆ ಆತ ತಕ್ಷಣ ಎದ್ದು, ಬಾಗಿಲಲ್ಲಿ ನಿಂತಿದ್ದ ಮಗಳನ್ನು ನಲ್ಲಿಯ ಹತ್ತಿರ ಕರೆದೊಯ್ದ. ಹಿಂದಿನ ದಿನ ಮುಟ್ಟಿದ ಕೈಯನ್ನು ಅವಳು ನಮ್ಮೆಲ್ಲರ ಕಣ್ಣೆದುರು ಸೋಪು ಹಚ್ಚಿ ತೊಳೆದಳು. ನೀಲಿ ಹೋಗಲಿಲ್ಲ. ಅಪ್ಪನ ಬಲವಂತಕ್ಕೆ ಹಾಗೆ ಮಾಡುತ್ತಿದ್ದಾಳೆಂದು ನಾನು ಬಗೆದಿದ್ದೆ. ಆದರೆ ಆತ ಸಾಕೆಂದ ಮೇಲೂ ಅವಳು ಉಜ್ಜುತ್ತಲೇ ಇದ್ದಳು.

"ಇನ್ನೊಮ್ಮಿ ಇಂಥಾದ್ದು ನಡದ್ರ ಟಿಸಿ ಕೊಟ್ಟಬಿಡ್ರಿ, ಹಡಗಲಿಗೆ ಹಾಕ್ತೀನಿ" ಎಂದು ಹೇಳಿ ಆತ ಹೋದ.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಉಳ್ಳಾಗಡ್ಡಿ ಪೊರಿ ತೋರಿಸಿ ಮುಗಸ್ರಿ ಮೇಡಂ. ಅದೂ ಕೋಶ, ಇದೂ ಕೋಶ."

"ಉಳ್ಳಾಗಡ್ಡಿ ಕೋಶಕ್ಕ ಗೋಡಿ ಐತಿ ಸರ್, ಮನುಷ್ಯರದಕ್ಕ ಇಲ್ಲ. ಅದನ್ನ ಕಣ್ಣಾರೆ ನೋಡಬೇಕಲ್ಲ."

"ಗೋಡಿ ಸುದ್ದಿ ಬೋರ್ಡ್ ಮ್ಯಾಲ ಬರೀರಿ. ಬರೋ ವರ್ಷನೂ ನೀವು ಇಲ್ಲೇ ಇರಬೇಕು ಅಂತೀನಿ ನಾನು. ಕಮಿಟಿಯವ್ರು ಏನಂತಾರೋ."

ಬೆದರಿಕೆಯನ್ನು ಹಿತವಚನದಂತೆ ಹೇಳುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ನನಗೆ ಆ ಕೆಲಸ ಬೇಕಿತ್ತು. ಅದು ಅವರಿಗೂ ಗೊತ್ತಿತ್ತು.

ಮರುವಾರ ಎರಡನೇ ಬ್ಯಾಚಿನ ಸರದಿ. ಮೇಜಿನ ಮೇಲೆ ಅಟೆಂಡರ್ ಸುಲಿದ ಉಳ್ಳಾಗಡ್ಡಿಯೊಂದನ್ನು ಇಟ್ಟು, ನಾನೇನು ಮಾಡುತ್ತೇನೆಂದು ನೋಡುತ್ತ ನಿಂತ. ಅದನ್ನು ಪಕ್ಕಕ್ಕೆ ಸರಿಸಿ ಕಡ್ಡಿ ಬಾಯಿಗಿಟ್ಟುಕೊಂಡೆ. ಧೈರ್ಯವೆಂದು ಇದನ್ನು ಕರೆಯಲಾರೆ. ನನಗೆ ಸಿಟ್ಟು ಬಂದಿತ್ತು, ಆ ಮಕ್ಕಳ ಮೇಲೂ ಬಂದಿತ್ತು. ಅಟೆಂಡರ್ ಆಫೀಸಿನ ಕಡೆ ನಡೆದ.

ಸಾಲಿನ ಮೊದಲ ಹುಡುಗ ಬಂದವನೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಅವನ ಹಿಂದಿನವಳೂ ಹಾಗೆಯೇ. ಅಷ್ಟರಲ್ಲಿ ಸುದ್ದಿ ಎಲ್ಲರಿಗೂ ಮುಟ್ಟಿತ್ತು.

"ಸ್ಲೈಡ್ ಸರಿಸಿ ನೋಡ್ರಿ, ಬ್ಯಾರೆ ಕೋಶ ಸಿಗತಾವ" ಎಂದೆ.

"ಕಾಣತೈತ್ರಿ ಮೇಡಂ, ಸಾಕು."

ಕೊನೆಯವನ ತನಕ ಒಂದು ಬೆರಳೂ ಮುಂದೆ ಬರಲಿಲ್ಲ. ಹೀಗಾಗಿ ಆ ಬ್ಯಾಚಿನ ಎಲ್ಲರ ರೆಕಾರ್ಡಿನಲ್ಲೂ ಒಂದೇ ಕೋಶ, ಎಡಗಡೆಯ ಅಂಚು ಮಡಚಿದ್ದು. ಎಲ್ಲರೂ ಚೆನ್ನಾಗಿಯೇ ಬರೆದಿದ್ದರು. ನನ್ನ ಬಾಯೊಳಗಿನ ಆ ಒಂದು ಕೋಶಕ್ಕೆ ಪುಟ ಪುಟದಲ್ಲೂ ಸಹಿ ಹಾಕಿದೆ.

ಕಾನಹೊಸಹಳ್ಳಿಯ ಹುಡುಗಿ ಟಿಸಿ ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ ನನ್ನನ್ನೇ ಕರೆಯಲಿಲ್ಲವಾದ್ದರಿಂದ ಅವಳಿಗೆ ಅದರ ಅಗತ್ಯ ಬೀಳಲಿಲ್ಲ.