ಕಟ್ ಆಗದ ಫೋನಿನ ಶರಣಪ್ಪ ಕಾಕಾ

ಶರಣಪ್ಪ ಕಾಕಾ ಫೋನನ್ನು ಕಿವಿಗೆ ಹಿಡಿದದ್ದನ್ನು ನಾನು ನೋಡಿಲ್ಲ. ಎಡಗೈ ಉದ್ದಕ್ಕೆ ಚಾಚಿ, ಅಂಗೈ ಮೇಲೆ ಅದನ್ನು ಅಂಗಾತ ಮಲಗಿಸಿ, ಅದರ ಕಡೆ ಬಗ್ಗಿ ಕೂಗುತ್ತಿದ್ದರು. ಆ ಕಡೆಯವರ ಉತ್ತರ ಸ್ಪೀಕರಿನಿಂದ ಹೊರಟು ಅರ್ಧ ಓಣಿಗೆ ಕೇಳುತ್ತಿತ್ತು. ಮಾತು ಮುಗಿದ ಮೇಲೆ "ನಂದು ಕಟ್ ಆಗೂದಿಲ್ರಿ, ನೀವಾ ಕಟ್ ಮಾಡ್ರಿ. ರೈಟ್" ಅಂದು ಫೋನನ್ನು ಕಿಟಕಿಯ ಕಟ್ಟೆ ಮೇಲಿಟ್ಟು ತಮ್ಮ ಪಾಡಿಗೆ ಕೆಲಸಕ್ಕೆ ಹೋಗುತ್ತಿದ್ದರು. ಆ ಕಡೆಯವರು ಕಟ್ ಮಾಡಬೇಕಲ್ಲ? ಒಬ್ಬರೂ ಮಾಡುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಕೇಳುತ್ತ ಕೂತುಬಿಡುತ್ತಿದ್ದರು.

ಕಾಕಾ ನಮಗೆ ಸಂಬಂಧಿಕರೇನಲ್ಲ, ಗಂಗಾವತಿಯಲ್ಲಿ ನಮ್ಮ ಎದುರು ಮನೆಯವರು. ಸರಕಾರಿ ಬಸ್ಸಿನ ಕಂಡಕ್ಟರಾಗಿ ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಅಂತ ಸುತ್ತಿ ಸುತ್ತಿ ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂತರೆ ಹೆಂಡತಿ, ನಮ್ಮ ಕಾಕುವಿನ ಕೈಗೆ ಸಿಕ್ಕು ಬಳ್ಳೊಳ್ಳಿ ಸುಲಿಯಬೇಕಾಗುತ್ತದೆ ಅನ್ನುವ ಭಯಕ್ಕೋ ಏನೋ, ಗಂಡು ಹೆಣ್ಣು ಜೋಡಿಸುವ ಕೆಲಸ ಹಿಡಿದರು. ಅದಕ್ಕೆ ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಮದುವೆಯಲ್ಲಿ ಒಂದು ಟವೆಲು ಹೊದಿಸಿ, ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸಿದರೆ ಸಾಕು.

ಜಿಲ್ಲೆಯ ಅರ್ಧ ಮನೆತನಗಳನ್ನು ಅವರು ಬಸ್ಸಿನಲ್ಲೇ ಅಳೆದಿದ್ದರು. "ಕುಂಡ್ಲಿ ಆಮ್ಯಾಲ ನೋಡೂಣು. ಆಂವ ನನ್ನ ಬಸ್ಸಿನಾಗ ಹೆಂಗ ಕುಂತಿದ್ದ, ಅದನ್ನ ಮೊದಲ ನೆನಸ್ತೀನಿ" ಅನ್ನುತ್ತಿದ್ದರು. ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದವನು, ಬಸುರಿ ಹೆಂಗಸು ಹತ್ತಿದಾಗ ಟವೆಲು ಎತ್ತಿದನೋ ಇಲ್ಲ ಹೊರಗಿನ ಹೊಲ ನೋಡುತ್ತ ಕೂತನೋ ಅನ್ನುವುದು ಮೊದಲ ಪರೀಕ್ಷೆ. ಎರಡನೆಯದು ಮಕ್ಕಳ ವಯಸ್ಸು. ಆರು ತುಂಬಿದ ಮಗುವಿಗೆ ಅರ್ಧ ಟಿಕೆಟ್ಟು. ಆದರೆ ನಮ್ಮ ಕಡೆ ಬಸ್ಸು ಹತ್ತಿದ ಯಾವ ಮಗುವಿಗೂ ಆರು ತುಂಬಿರುವುದೇ ಇಲ್ಲ. ಮೀಸೆ ಚಿಗುರುವ ಹುಡುಗನನ್ನು ಸೆರಗಿನಲ್ಲಿ ಮುಚ್ಚಿ "ಇನ್ನಾ ಐದ್ರೀ" ಅಂದವರೂ ಇದ್ದರಂತೆ. ಅಂಥವರು ಮುಂದೆ ಹೆಣ್ಣು ಕೇಳಿಕೊಂಡು ಬಂದರೆ ಕಾಕಾ ಚಹಾ ಕೊಟ್ಟು, ಆ ಟಿಕೆಟ್ಟಿನ ಸುದ್ದಿ ತೆಗೆದೇ ತೆಗೆಯುತ್ತಿದ್ದರು.

ಇನ್ನು ಆ ಫೋನು. ಅದರ ಕರ್ಮಕಥೆ ಹೇಳದಿದ್ದರೆ ಕಾಕಾ ಅರ್ಧವೇ ಉಳಿಯುತ್ತಾರೆ.

ಮೊದಲು ಅದರ ಹೊಟ್ಟೆ ತುಂಬಿತು. ವಧು ವರರ ಫೋಟೊ, ಬಯೋಡೇಟಾ, ದಿನಾ ಬೆಳಿಗ್ಗೆ ಬಂದು ಬೀಳುವ ಶುಭೋದಯದ ಹೂವುಗಳು ಎಲ್ಲ ಸೇರಿ, ಜಾಗವಿಲ್ಲ ಜಾಗವಿಲ್ಲ ಎಂದು ದಿನಕ್ಕೆ ಹತ್ತು ಸಲ ಬಡಕೊಳ್ಳುತ್ತಿತ್ತು. ಏನಾದರೂ ಅಳಿಸಿ ಅಂದರೆ ಕಾಕಾ ಕೇಳುವವರಲ್ಲ. ಲಗ್ನ ಆಗದ ಹುಡುಗಿಯನ್ನು ಹೇಗೆ ಅಳಿಸಲಿ, ಅದು ಅಪಶಕುನ ಅಲ್ಲವೇ ಅನ್ನುವುದು ಅವರ ವಾದ. ಒಂದು ಫೋಟೊ ಒತ್ತಿದರೆ ಫೋನು ಒಂದಿಷ್ಟು ಹೊತ್ತು ಯೋಚನೆ ಮಾಡಿ ಇನ್ನೊಂದನ್ನು ಕಳಿಸುತ್ತಿತ್ತು. ಹೀಗೆ ಒಮ್ಮೆ ಕಾರಟಗಿಯ ವರನ ಫೋಟೊ ಅವನ ಮನೆಗೇ ಹೋಯಿತು. ಅವರಪ್ಪ ಬಹಳ ಮರ್ಯಾದೆಯಿಂದ ಫೋನ್ ಮಾಡಿ, ಈ ಹುಡುಗನನ್ನು ನಾವು ದಿನಾ ನೋಡುತ್ತೇವೆ, ಹುಡುಗಿಯದು ಇದ್ದರೆ ಕಳಿಸಿರಿ ಅಂದರು.

ಆಮೇಲೆ ಬೇಸಿಗೆ ಬಂತು. ಗಂಗಾವತಿಯ ಬಿಸಿಲಿಗೆ ನಾವೇ ತಡೆಯುವುದಿಲ್ಲ, ಫೋನು ತಡೆಯುತ್ತದೆಯೇ? ಮಾತಿನ ಮಧ್ಯೆ ಕಾದು ಸಿಟ್ಟಿಗೆದ್ದು ಕಪ್ಪಗಾಗುತ್ತಿತ್ತು. ಕಾಕಾ ಅದನ್ನು ಒದ್ದೆ ವಸ್ತ್ರದಲ್ಲಿ ಸುತ್ತಿ ನೀರಿನ ಗಡಿಗೆಯ ಮುಚ್ಚಳದ ಮೇಲೆ ಮಲಗಿಸುತ್ತಿದ್ದರು. ಚಾರ್ಜು ಅರವತ್ತು ತೋರಿಸುತ್ತಿದ್ದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಎರಡಕ್ಕೆ ಇಳಿಯುತ್ತಿತ್ತು. ಕಡೆಗೆ ಒಂದು ಹುಣ್ಣಿಮೆಯ ದಿನ ದೇವಿಯ ದರ್ಶನಕ್ಕೆ ಹೋದಾಗ ಹುಲಿಗಿಯಲ್ಲಿ ಬಸ್ಸಿಳಿಯುವ ಗದ್ದಲದಲ್ಲಿ ಜೇಬಿನಿಂದ ಜಾರಿ ಬಿತ್ತು. ಪರದೆಯ ಕೆಳಗಿನ ಎರಡು ಬೆರಳಗಲ ಜಾಗ ಸತ್ತೇ ಹೋಯಿತು. ಕರೆ ಬಂದರೆ ಎತ್ತುವ ಹಸಿರು ಗುಂಡಿ ಮೇಲ್ಗಡೆ ಮೂಡುತ್ತಿತ್ತು, ಅದಕ್ಕೆ ಜೀವ ಇತ್ತು. ಕಟ್ ಮಾಡುವ ಕೆಂಪು ಗುಂಡಿ ಕೆಳಗೆ, ಸತ್ತ ಜಾಗದಲ್ಲಿ. ಬದಿಯ ಗುಂಡಿಯಂತೂ ಎಂದೋ ಒಳಗೆ ಹೋಗಿ ಕೂತಿತ್ತು.

ಬಸ್ ನಿಲ್ದಾಣದ ಹತ್ತಿರ ಫೋನ್ ರಿಪೇರಿ ಮಾಡುವ ಮೆಹಬೂಬ್ ಅದನ್ನು ಹೊರಳಿಸಿ ನೋಡಿ, ಕಾಕಾ, ಇದಕ್ಕೆ ನನ್ನಿಂದ ಇನ್ನೇನೂ ಆಗುವುದಿಲ್ಲ, ಹೊಸದು ತಗೊಳ್ಳಿರಿ ಅಂದ. ಕಾಕಾ ಒಪ್ಪಲಿಲ್ಲ. "ಮೂರನೇ ಗೇರು ಬೀಳಲಾರದ ಬಸ್ಸಿನಾಗ ಏಳು ವರ್ಷ ಯಲಬುರ್ಗಾಕ್ಕ ಹೋಗಿ ಬಂದೀನಿ. ಇದಕ್ಕ ಏನಾಗೈತಿ? ಮಾತು ಹೋಗತೈತಿ, ಮಾತು ಬರತೈತಿ" ಅಂದು ಜೇಬಿಗಿಳಿಸಿಕೊಂಡು ಬಂದರು. ಅಂದಿನಿಂದ ಫೋಟೊ ಕಳಿಸುವ ಕೆಲಸ ನನ್ನ ಫೋನಿನ ಪಾಲಿಗೆ ಬಿತ್ತು. ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಬಂದು, ಮದುವೆಯಾಗದ ನಾನು ಊರ ಹುಡುಗಿಯರ ಫೋಟೊ ಊರೂರಿಗೆ ರವಾನಿಸುತ್ತಿದ್ದೆ.

ಕಟ್ ಆಗದ ಫೋನಿನಿಂದ ಕಾಕಾ ಹಾಳಾಗಬೇಕಿತ್ತು. ಮದುವೆ ಮಾಡಿಸುವವರ ನಾಲಿಗೆ ಆ ಕಡೆ ಒಂದು, ಈ ಕಡೆ ಒಂದು ಇರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಇವರದು ಎರಡೂ ಕಡೆ ಒಂದೇ. ಯಲಬುರ್ಗಾದ ದೊಡ್ಡ ಮನೆತನವೊಂದು ಹೀಗೆಯೇ ಕೇಳುತ್ತ ಕೂತಿದ್ದಾಗ ಕಾಕಾ ಇತ್ತ ಕಾಕುವಿಗೆ, ಮನೆ ಭಾರಿ ದೊಡ್ಡದು, ಆದರೆ ಸೊಸೆ ಕೂರಲು ಅಲ್ಲಿ ಜಾಗ ಇಲ್ಲ ಅಂದರು. ಅವರು ತಕ್ಷಣ ಕಟ್ಟೆ ಮೇಲಿನ ಫೋನಿನಿಂದಲೇ ಕೂಗಿ ರೇಗಾಡಿದರು. ಕಾಕಾ ಸ್ವಲ್ಪವೂ ಬೆದರದೆ "ಹೌದ್ರಿ, ಅಂದೀನಿ. ನೀವು ಎದುರಿಗೆ ಕುಂತು ಕೇಳಿದ್ರೂ ಅದನ್ನಾ ಅಂತೀನಿ" ಅಂದರು. ಆರು ತಿಂಗಳಾದ ಮೇಲೆ ಅದೇ ಮನೆಯವರು, ನೀವೇ ಒಂದು ಹೆಣ್ಣು ನೋಡಿರಿ ಅಂತ ಬಂದರು. ಕಾಕಾನ ಮಗಳು ಅವರಿಗೆ ಹೊಸ ಫೋನು ಕೊಡಿಸಿದಾಗ ಜನ "ಆ ಹಳೇದರಿಂದ ಮಾಡ್ರಿ ಕಾಕಾ" ಅಂತ ಬೇಡಿಕೊಳ್ಳತೊಡಗಿದರು. ಹೊಸದು ಪೆಟ್ಟಿಗೆ ಸೇರಿತು.

ಇಷ್ಟೆಲ್ಲ ನಾನು ನಕ್ಕು ನೋಡಿದವಳು. ನನ್ನ ಸರದಿ ಬಂದಾಗ ನಗು ಬರಲಿಲ್ಲ.

ಆಗ ನನಗೆ ಮೂವತ್ತೆರಡು. ಅಪ್ಪ ಬಯೋಡೇಟಾದಲ್ಲಿ ಇಪ್ಪತ್ತೇಳು ಅಂತ ಬರೆಸಿದ್ದರು. ಪ್ರತಿಭಟಿಸಿದೆ. ಎಲ್ಲರೂ ಹೀಗೇ ಮಾಡುತ್ತಾರೆ, ಲಗ್ನ ಆದ ಮೇಲೆ ಯಾರು ಲೆಕ್ಕ ಹಾಕುತ್ತಾರೆ ಅಂದರು. ಅಪ್ಪ ತಾವೇ ಫೋನ್ ಮಾಡಿ ವಿಚಾರಿಸಿದ ಎಷ್ಟೋ ಮನೆಗಳು ಮೂವತ್ತೆರಡು ಅಂದ ಕೂಡಲೇ ಫೋನು ಇಟ್ಟಿದ್ದವು, ಅಪ್ಪನ ಸಂಕಟವೂ ಸುಳ್ಳಲ್ಲ. ನಾನು ಹುಟ್ಟಿದಾಗ ಆಸ್ಪತ್ರೆಗೆ ಗಂಜಿ ತಂದುಕೊಟ್ಟ ಕಾಕಾನ ಕೈಗೇ ಆ ಹಾಳೆ ಕೊಟ್ಟರು. ಕಾಕಾ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ಅಪ್ಪ ಅವರ ಕೈ ಹಿಡಿದುಕೊಂಡು, ನಿನ್ನ ಬಾಯಿಂದ ಮಾತ್ರ ಇದು ಹೊರಗೆ ಬರಬಾರದು ಅಂತ ಮಾತು ತಗೊಂಡರು. ಕಾಕಾ ಮಾತು ಕೊಟ್ಟರು. ಆ ದಿನ ಅವರು ನಮ್ಮ ಮನೆಯಲ್ಲಿ ಚಹಾ ಕುಡಿಯದೆ ಎದ್ದು ಹೋದರು.

ಸಂಬಂಧ ಬಂದದ್ದು ಕುಷ್ಟಗಿಯಿಂದ. ಹುಡುಗ ಬಸವರಾಜ, ಬೀಜ ಗೊಬ್ಬರದ ಅಂಗಡಿ, ಮನೆಯಲ್ಲಿ ತಾಯಿ ಗಂಗಮ್ಮ ಒಬ್ಬರೇ. ಈ ತಾಯಿಯ ಬಗ್ಗೆ ಕಾಕಾ ನನಗೊಂದು ಸಂಗತಿ ಹೇಳಿದರು. ಬಸವರಾಜ ಸಣ್ಣವನಿದ್ದಾಗ ಕಡ್ಡಿಯಂತಿದ್ದನಂತೆ, ನೋಡಿದರೆ ನಾಲ್ಕು ವರ್ಷ ಅನ್ನಬೇಕು. ಕಾಕಾ ಅವನಿಗೆ ಟಿಕೆಟ್ಟೇ ಕೇಳಿರಲಿಲ್ಲ. ಆಕೆಯೇ ಕರೆದು, ಮೊನ್ನೆ ಆರು ತುಂಬಿತು, ಅರ್ಧ ಟಿಕೆಟ್ ಹರೀರಿ ಅಂದರಂತೆ. "ಇಡೀ ಸರ್ವೀಸಿನಾಗ ಹಂಗ ಅಂದಾಕಿ ಆಕಿ ಒಬ್ಬಾಕೀನಾ ನೋಡವ್ವಾ" ಅಂದು ಕಾಕಾ ನನ್ನ ಮುಖ ನೋಡದೆ ಎದ್ದರು.

ಅವರು ಹೆಣ್ಣು ನೋಡಲು ಬಂದರು. ಬಸವರಾಜನ ಜೊತೆ ಹತ್ತು ನಿಮಿಷ ಅಂಗಳದಲ್ಲಿ ಮಾತಾಡಲು ಬಿಟ್ಟರು. ಅವನು ಸಂಬಳ ಕೇಳಲಿಲ್ಲ, ಅಡುಗೆ ಕೇಳಲಿಲ್ಲ. ಎಂಟನೆಯ ಕ್ಲಾಸಿನ ಮಕ್ಕಳು ನಿಮಗೆ ಏನಂತ ಹೆಸರಿಟ್ಟಿದ್ದಾರೆ ಅಂತ ಕೇಳಿದ. ಹೇಳಿದೆ, ಹೊಟ್ಟೆ ಹಿಡಿದುಕೊಂಡು ನಕ್ಕ. ಇವನು ಬೇಕು ಅನ್ನಿಸಿಬಿಟ್ಟಿತು, ಮುಚ್ಚಿಡುವುದೇನಿದೆ. ವಯಸ್ಸಿನ ಮಾತು ನಾಲಿಗೆಯ ತುದಿಗೆ ಬಂತು. ಬಾಗಿಲಲ್ಲಿ ಅಪ್ಪ ಕೆಮ್ಮಿದರು, ನುಂಗಿಕೊಂಡೆ. ಅವರು ಒಪ್ಪಿಗೆ ಹೇಳಿ ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಇಂಥ ಮನೆಗೆ ಸುಳ್ಳು ಹೊತ್ತುಕೊಂಡು ಹೋಗಬೇಕಲ್ಲ.

ಮೂರನೆಯ ದಿನ ಸಂಜೆ ಮಜ್ಜಿಗೆ ಕೊಡಲು ಕಾಕಾನ ಮನೆಗೆ ಹೋದೆ. ಅವರು ಗಂಗಮ್ಮನವರ ಜೊತೆ ಫೋನಿನಲ್ಲಿದ್ದರು. ನಿಶ್ಚಯಕ್ಕೆ ಸೋಮವಾರ ಅಡ್ಡಿಯಿಲ್ಲ ಅನ್ನುತ್ತಿದ್ದರು ಆಕೆ. "ನಂದು ಕಟ್ ಆಗೂದಿಲ್ರಿ, ನೀವಾ ಕಟ್ ಮಾಡ್ರಿ. ರೈಟ್" ಅಂದು ಕಾಕಾ ಫೋನನ್ನು ಕಿಟಕಿಯ ಕಟ್ಟೆ ಮೇಲಿಟ್ಟರು. ಪರದೆ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಆಕೆ ಕಟ್ ಮಾಡಿರಲಿಲ್ಲ. ನಾನು ನೋಡಿದೆ, ನಾನು ನೋಡಿದ್ದನ್ನು ಕಾಕಾ ನೋಡಿದರು. ಮಜ್ಜಿಗೆ ತಂಬಿಗೆ ಕೈಗೆ ತಗೊಂಡು, ದಿನಾ ಮಾತಾಡುವ ದನಿಯಲ್ಲೇ ಕೇಳಿದರು.

"ಸವಿತಾ, ನಿನಗ ಖರೇ ಎಷ್ಟು ವರ್ಷವ್ವಾ?"

ಇಪ್ಪತ್ತೇಳು ಅಂದರೆ ಸೋಮವಾರ ನಿಶ್ಚಯ. ಸುಮ್ಮನೆ ಮನೆಗೆ ಓಡಿಹೋದರೂ ನಿಶ್ಚಯ. ಅಂಗಳದಲ್ಲಿ ನಕ್ಕ ಮುಖ ಕಣ್ಣ ಮುಂದೆ ಬಂತು. ಕಿಟಕಿಯ ಹತ್ತಿರ ಹೋಗಿ ನಿಂತೆ.

"ಮೂವತ್ತೆರಡು ಕಾಕಾ. ಅಪ್ಪ ಐದು ವರ್ಷ ಕಡಿಮಿ ಬರಸ್ಯಾರ. ನನಗ ಮನಸ್ಸಿರಲಿಲ್ಲ."

ಫೋನಿನಿಂದ ಒಂದು ಉಸಿರು ಕೇಳಿಸಿತು. ಆಮೇಲೆ ಕರೆ ಕಟ್ ಆಯಿತು. ಅಷ್ಟು ವರ್ಷಗಳಲ್ಲಿ ಕಾಕಾನ ಫೋನನ್ನು ಯಾರಾದರೂ ಆ ಕಡೆಯಿಂದ ಕಟ್ ಮಾಡಿದ್ದು ನಾನು ಕಂಡಂತೆ ಅದೇ ಮೊದಲು. ಕಾಕಾ ಮಜ್ಜಿಗೆ ಕುಡಿದು ತಂಬಿಗೆ ತೊಳೆದು ಕೊಟ್ಟರು. ನಾನು ಮನೆಗೆ ಬಂದು ಅಪ್ಪನಿಗೆ ನಡೆದದ್ದನ್ನು ಹೇಳಿದೆ. ಅಪ್ಪ ನನ್ನ ಜೊತೆಗೂ ಕಾಕಾನ ಜೊತೆಗೂ ಮಾತು ಬಿಟ್ಟರು. ಸೋಮವಾರ ಬಂದು ಹೋಯಿತು, ಕುಷ್ಟಗಿಯಿಂದ ಸುದ್ದಿಯೇ ಇಲ್ಲ. ಮಾಡಿದ್ದು ಸರಿ ಅಂತ ಮನಸ್ಸಿಗೆ ಹೇಳಿಕೊಂಡು ಬಚ್ಚಲಮನೆಯಲ್ಲಿ ಅತ್ತುಬಿಟ್ಟೆ.

ಬುಧವಾರ ಮಧ್ಯಾಹ್ನ ತಾಯಿ ಮಗ ಇಬ್ಬರೂ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು. ಅಪ್ಪ ಎದ್ದು ನಿಂತು ತಡವರಿಸಿದರು. ಗಂಗಮ್ಮ ಕೂತು, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದರು: "ನಿಮ್ಮ ಹಾಳಿ ನೋಡಿ ಬಂದಿಲ್ರಿ. ನಿಮ್ಮ ಮಗಳ ಮಾತು ಕೇಳಿ ಬಂದೀವಿ." ಹಾಗಾದರೆ ಅವತ್ತು ಕಟ್ ಮಾಡಿದ್ದೇಕೆ ಅಂತ ಮದುವೆಯಾದ ಮೇಲೆ ಕೇಳಿದೆ. ಅಷ್ಟು ಕೇಳಿದ ಮೇಲೆ ಇನ್ನು ಕೇಳುವುದೇನಿತ್ತು ಅಂದರು ನಮ್ಮತ್ತೆ. ನಾಲ್ಕು ದಿನ ಸುಮ್ಮನಿದ್ದದ್ದು ಯಾಕೆ ಅಂದರೆ, ನಿಮ್ಮಪ್ಪನ ಮೇಲಿನ ಸಿಟ್ಟು ಇಳಿಯಬೇಕಿತ್ತಲ್ಲ ಅಂತ ನಕ್ಕರು. ಅಪ್ಪ ಕಾಕಾನ ಜೊತೆ ಮತ್ತೆ ಮಾತಾಡಿದ್ದು ಮದುವೆಯ ಚಪ್ಪರದಲ್ಲಿ, ಟವೆಲು ಹೊದಿಸುವಾಗ.

ಕಳೆದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಕಟ್ಟೆ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ನಾನು ಹೋಗುವುದರೊಳಗೆ ಎಲ್ಲ ಮುಗಿದಿತ್ತು. ಕಾಕು ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ಅದಕ್ಕೆ ಮೂರು ವಾರ ಮೊದಲು ಕಾಕಾ ಕುಷ್ಟಗಿಗೆ, ನಮ್ಮ ಮನೆಗೆ ಬಂದಿದ್ದರು. ರೊಟ್ಟಿ ತಟ್ಟುತ್ತ, ಅಷ್ಟು ದಿನ ಕೇಳಬೇಕೆಂದಿದ್ದದ್ದನ್ನು ಕೇಳಿಬಿಟ್ಟೆ. ಅವತ್ತು ನಾನು ಇಪ್ಪತ್ತೇಳು ಅಂದಿದ್ದರೆ ನೀವು ಏನು ಮಾಡುತ್ತಿದ್ದಿರಿ ಕಾಕಾ?

ಕಾಕಾ ಪುಂಡಿಪಲ್ಯ ಕಲಸುವುದನ್ನು ನಿಲ್ಲಿಸಿದರು.

"ನಿಮ್ಮಪ್ಪಗ ಮಾತು ಕೊಟ್ಟಿದ್ದೆ, ಬಾಯಿ ಬಿಡ್ತಿದ್ದಿಲ್ಲ. ಲಗ್ನಾನೂ ಮಾಡಸ್ತಿದ್ದೆ. ಆದ್ರ ಈ ಮನಿಗೆ ಬಂದು ಹಿಂಗ ಉಣ್ಣೂದು ಆಗ್ತಿದ್ದಿಲ್ಲವ್ವಾ."

ಹೆಂಚಿನ ಮೇಲಿನ ಬಿಸಿ ರೊಟ್ಟಿ ತೆಗೆದು ತಾಟಿಗೆ ಹಾಕಿದೆ. ಉಂಡರು. ಇನ್ನೊಂದು ಹಾಕಲೇ ಅಂದೆ. ಹಾಕು ಅಂದರು.