ಸೋಲ್ ಮುಟ್ಟುವ ತನಕ ಪೊರಕೆ ಮುಟ್ಟುವಂತಿಲ್ಲ

ಉಲಾನ್‌ಬಾತರಿನ ಬಸ್ಸುಗಳಲ್ಲಿ ಬಹಳ ವರ್ಷ ಟಿಕೆಟ್ ಹರಿದವಳು ನೊರ್ಜ್‌ಮಾ. ಯಾರೇ ಹತ್ತಲಿ, ಎಲ್ಲಿಗೆ, ಎಷ್ಟು ದೂರ, ಎಷ್ಟು ಹೊತ್ತಿನ ದಾರಿ ಎಂದು ಕೇಳದೆ ಬಿಡುತ್ತಿರಲಿಲ್ಲ. "ನಿನಗ್ಯಾಕಮ್ಮ ಅದೆಲ್ಲ?" ಎಂದು ರೇಗಿದವರಿಗೆ, "ಸುಮ್ನೆ, ತಿಳ್ಕೊಳ್ಳೋಣ ಅಂತ" ಎನ್ನುತ್ತಿದ್ದಳು. ಆದರೆ ಅವಳಿಗೆ ಗೊತ್ತಿದ್ದ ದೂರಗಳೆಲ್ಲ ನೆಲದ ಮೇಲಿನವು. ಹಿರಿಮಗಳು ಸಾರಾನ್‌ಗುವಾ ಕೆಲಸಕ್ಕೆಂದು ಕೊರಿಯಾದ ಸೋಲ್‌ಗೆ ಹೊರಟ ದಿನ ಆಕಾಶದ ಲೆಕ್ಕ ಶುರುವಾಯಿತು.

ಬೆಳಿಗ್ಗೆ ಮಗಳು ಹೊರಟ ಕಾರಿನ ಹಿಂದೆ, ದಾರಿ ಒಳಿತಾಗಲೆಂದು ಹಾಲು ಚಿಮುಕಿಸಿ, ತನ್ನ ಉಣ್ಣೆಗುಡಾರದ ಮನೆ ಗೆರ್‌ನೊಳಗೆ ಬಂದಳು. ನೆಲದ ತುಂಬ ಹಿಟ್ಟು, ಉಣ್ಣೆಯ ಚೂರು, ಮೂಟೆ ಕಟ್ಟಿ ಉಳಿದ ಹಗ್ಗದ ತುಂಡು. ಹೋದವರು ಊರು ಮುಟ್ಟುವ ತನಕ ಆ ಮನೆಯಲ್ಲಿ ಪೊರಕೆ ಹಿಡಿಯುವಂತಿಲ್ಲ. ಲಾಮಾ ಒಳ್ಳೆಯ ದಿನವೆಂದು ಹೇಳಿದ್ದರಿಂದ ಕಿರಿಮಗಳು ದುಲ್ಗೂನಳನ್ನು ಕೇಳಲು ಗಂಡಿನ ಕಡೆಯವರನ್ನೂ ಅಂದೇ ಕರೆದಿದ್ದಳು.

"ವಿಮಾನ ಹತ್ತಕ್ಕೆ ಹೊರಟು ಎರಡಕ್ಕೆ ಇಳಿಯುತ್ತೆ ಅಂತ ಟಿಕೆಟ್‌ನಲ್ಲಿದೆ. ಎರಡಕ್ಕೇ ಇವರೂ ಬರ್ತಾರೆ. ಗುಡಿಸೋದು ಯಾವಾಗ?" ಎಂದಳು ನೊರ್ಜ್‌ಮಾ.

ಹಿಂದೆ ಕೊರಿಯಾದಲ್ಲಿ ದುಡಿದು ಬಂದಿದ್ದ ಪಕ್ಕದ ಮನೆಯ ಲುವ್ಸಾನ್ ನಕ್ಕ. "ಅದು ಅಲ್ಲಿನ ಎರಡು ಗಂಟೆ ಅಕ್ಕಾ. ಅವರ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ. ನಮ್ಮ ಒಂದಕ್ಕೇ ಇಳೀತಾಳೆ. ಹತ್ತಿರಹತ್ತಿರ ಎರಡು ಸಾವಿರ ಕಿಲೋಮೀಟರ್, ಮೂರು ಗಂಟೆ ಹಾರಾಟ."

"ಮೂರೇ ಗಂಟೆ! ನನ್ನ ಬಸ್ಸು ಊರು ಸುತ್ತೋಕೇ ಅಷ್ಟು ಬೇಕಿತ್ತು. ಬರುವಾಗಲೂ ಅಷ್ಟೇನಾ?"

"ಬರುವಾಗ ಸ್ವಲ್ಪ ಜಾಸ್ತಿ. ಎದುರುಗಾಳಿ ಅಲ್ವಾ."

"ಅಷ್ಟು ಎತ್ತರದಲ್ಲೂ ಗಾಳಿ ಇರುತ್ತಾ?" ಅವಳಿಗೆ ನೆಲದ ಹಿಟ್ಟೇ ಮರೆತುಹೋಯಿತು.

ಒಂದು ಗಂಟೆ ಆಯಿತು. ಫೋನ್ ಬರಲಿಲ್ಲ. ದುಲ್ಗೂನ್ ಪೊರಕೆಗೆ ಕೈಹಾಕಿದಳು.

"ಇಳಿದಿರ್ತಾಳೆ ಬಿಡಮ್ಮ."

"ಇಳಿದೆ ಅಂತ ಅವಳ ಬಾಯಲ್ಲಿ ಬರಲಿ. ಇಡು ಅದನ್ನ."

"ಸರಿ, ನನ್ನ ಮದುವೆ ಈ ಹಿಟ್ಟಲ್ಲೇ ಹೂತುಹೋಗಲಿ!"

ಎರಡಕ್ಕೆ ಸರಿಯಾಗಿ ನಾಯಿ ಬೊಗಳಿತು. ಗಂಡಿನ ತಾಯಿ ತ್ಸೆಂದ್‌ಸುರೆನ್ ರೇಷ್ಮೆಯ ನಿಲುವಂಗಿಯಲ್ಲಿ ಒಳಗೆ ಕಾಲಿಟ್ಟವಳು ನೆಲ ನೋಡಿ ನಿಂತಳು. ನೊರ್ಜ್‌ಮಾಳ ಮುಖ ಕೆಂಪಾಯಿತು.

"ತಪ್ಪು ತಿಳ್ಕೋಬೇಡಿ. ಹಿರಿಯವಳು ಸೋಲ್ ಮುಟ್ಟಿದ ಸುದ್ದಿ ಇನ್ನೂ ಬಂದಿಲ್ಲ. ಅದಕ್ಕೇ ಗುಡಿಸಿಲ್ಲ."

ತ್ಸೆಂದ್‌ಸುರೆನ್ ನಿಲುವಂಗಿಯ ಅಂಚು ಎತ್ತಿಕೊಂಡು ಕುಳಿತಳು. "ಗುಡಿಸಿದ್ದಿದ್ರೆ ನಾನೇ ವಾಪಸ್ ಹೋಗ್ತಿದ್ದೆ. ನನ್ನ ಮಗ ಗಡಿಯವರೆಗೆ ಲಾರಿ ಓಡಿಸೋನು. ತಿಂಗಳಲ್ಲಿ ಹದಿನೈದು ದಿನ ನಮ್ಮ ಮನೇನೂ ಹೀಗೇ ಇರುತ್ತೆ. ಚಹಾ ಕೊಡಿ."

ಉಪ್ಪಿನ ಚಹಾ ಬಟ್ಟಲಿಗೆ ಬೀಳುತ್ತಿರುವಾಗ ಫೋನ್ ಬಂತು.

"ಇಳಿದು ಆಗಲೇ ಹೊತ್ತಾಯ್ತಮ್ಮ. ಪಾಸ್‌ಪೋರ್ಟ್ ಸಾಲಲ್ಲಿ ನಿಂತಿದ್ದೆ."

ನೊರ್ಜ್‌ಮಾ ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದಳು. ದುಲ್ಗೂನ್ ಆಗಲೇ ಪೊರಕೆ ಹಿಡಿದು, ಬಂದವರೆದುರು ಗುಡಿಸಲು ನಾಚಿ ನಿಂತಿದ್ದಳು.

ತ್ಸೆಂದ್‌ಸುರೆನ್ ಎರಡೂ ಕಾಲು ಮೇಲೆತ್ತಿದಳು. "ಇಲ್ಲಿಂದಲೇ ಶುರುಮಾಡು ಮಗಳೇ."